ಪದಚರ್ಚೆ: ಡಾಕ್ಟರ ಚೀಟಿಯ ‘?ಡೆಂಗ್ಯೂ’ ಕನ್ನಡದಲ್ಲಿ ಹೇಗೆ?

ಬಳಗದವರಿಗೆಲ್ಲ ನಮಸ್ಕಾರ.

ಮಲೆನಾಡಿನ ಜ್ವರಗಳ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಆಶಾ ಕಾರ್ಯಕರ್ತೆಯರಿಗೂ ರೋಗಿಯ ಮನೆಯವರಿಗೂ ಅರ್ಥವಾಗಬೇಕು. ಕೆಲವು ಕಡೆ ಪದ ಸಿಗದೆ ನಿಂತಿದ್ದೇನೆ, ನಿಮ್ಮ ಸಲಹೆ ಬೇಕು.

ಮೊದಲು ಓಪಿಡಿ ಚೀಟಿಯ ವಿಷಯ. ಜನವರಿ, ಫೆಬ್ರವರಿಯಲ್ಲಿ ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಯಾರಾದರೂ ಜ್ವರ ಅಂತ ಹೋದರೆ ಚೀಟಿಯಲ್ಲಿ ‘?ಕೆಎಫ್‌ಡಿ ?ಡೆಂಗ್ಯೂ ?ಸ್ಕ್ರಬ್’ ಅಂತ ಬರೆದಿರುತ್ತದೆ. ಕೆಎಫ್‌ಡಿ ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ, ಜನರ ಬಾಯಲ್ಲಿ ಮಂಗನ ಕಾಯಿಲೆ. ಸ್ಕ್ರಬ್ ಅಂದರೆ ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ. ಪ್ರಶ್ನೆ ಗುರುತು ಹೆಸರಿಗಿಂತ ಮೊದಲೇ ಬರುತ್ತದೆ. ಇವುಗಳಲ್ಲಿ ಯಾವುದಾದರೂ ಇರಬಹುದು, ರಕ್ತದ ರಿಪೋರ್ಟ್ ನೋಡಿ ಹೇಳುತ್ತೇವೆ ಅಂತ ಅದರ ಅರ್ಥ. ಮನೆಯವರಿಗೆ ಕಾಣುವುದು ಮೂರು ಕಾಯಿಲೆ. ಪಾಪ, ಹೆದರಿ ಹೋಗುತ್ತಾರೆ.

ಪತ್ರಿಕೆಗಳಲ್ಲಿ ಬರುವ ‘ಶಂಕಿತ’ ನನಗೆ ಒಗ್ಗುವುದಿಲ್ಲ. ಅದು ಪೊಲೀಸ್ ಸುದ್ದಿಯ ಪದ, ರೋಗಿಯನ್ನೇ ಆರೋಪಿ ಮಾಡಿದಂತೆ ಕೇಳಿಸುತ್ತದೆ. ‘ಸಂಭಾವ್ಯ’ ಸರ್ಕಾರಿ ಸುತ್ತೋಲೆಯಿಂದ ಹೊರಗೆ ಬಂದಿಲ್ಲ. ‘ಗುಮಾನಿ’ ಜನರ ಬಾಯಲ್ಲಿದೆ, ಆದರೆ ಅದರಲ್ಲೂ ಕಳ್ಳತನದ ನೆರಳಿದೆ. ನನಗೆ ಅನ್ನಿಸುವುದು, ಇಲ್ಲಿ ನಾಮಪದವೇ ಬೇಡ. ‘ಇರಬಹುದಾದ ಕಾಯಿಲೆಗಳು’ ಅಂತ ತಲೆಬರಹ ಕೊಟ್ಟು, ಕೆಳಗೆ ‘ಡೆಂಗ್ಯೂ ಇರಬಹುದು, ಮಂಗನ ಕಾಯಿಲೆ ಇರಬಹುದು’ ಅಂತ ಬರೆದರೆ ಸಾಕಲ್ವಾ?

ಡಾಕ್ಟರು ಪ್ರಶ್ನೆ ಗುರುತು ಸುಮ್ನೆ ಹಾಕುವುದಿಲ್ಲ. ಈ ಜ್ವರಗಳೆಲ್ಲ ಶುರುವಾಗುವುದು ಒಂದೇ ರೀತಿ: ದಿಢೀರ್ ಜ್ವರ, ತಲೆನೋವು, ಮೈಕೈ ನೋವು, ವಾಂತಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲ ಹಳ್ಳಿಯವರೂ ಮಲಗಿದಾಗ, ಇದು ಹಳದಿ ಜ್ವರ ಇರಬಹುದೇ ಅಂತ ತಜ್ಞರಿಗೇ ಅನುಮಾನ ಬಂದಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದ ಮೇಲೆ ಗೊತ್ತಾಯಿತು, ಇದು ಉಣುಗಿನಿಂದ ಹರಡುವ ಹೊಸ ವೈರಸ್, ರಷ್ಯಾದ ಮೆದುಳು ಜ್ವರದ ವೈರಸ್ಸಿಗೆ ನೆಂಟ ಅಂತ. ಈಗಲೂ ಮಂಗನ ಕಾಯಿಲೆಗೆ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಯೇ ಬೇಕು. ವೈರಸ್ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ ತುಂಬ ಬೇಗ ಮಾಡಿಸಿದರೆ ಕಾಯಿಲೆ ಇದ್ದೂ ನೆಗೆಟಿವ್ ಬರಬಹುದು. ‘ನೆಗೆಟಿವ್’ ಅನ್ನುವುದಕ್ಕೆ ‘ಇಲ್ಲ’ ಅಂತ ಬರೆಯಬಾರದು ಅನ್ನುವುದು ನನ್ನ ಹಟ. ‘ಈ ಪರೀಕ್ಷೆಯಲ್ಲಿ ಕಾಣಲಿಲ್ಲ’ ಅಂತಲೇ ಬರೆಯೋಣ.

‘ರೋಗನಿದಾನ’ವನ್ನು ಕೈಬಿಟ್ಟಿದ್ದೇನೆ. ಅನೇಕರು ‘ನಿಧಾನ’ ಅಂತ ಓದುತ್ತಾರೆ, ಅಚ್ಚಾಗುವುದೂ ಹಾಗೆಯೇ. ‘ಕಾಯಿಲೆ ಪತ್ತೆ’ ಸಾಕು.

ಆಯುರ್ವೇದದ ಇನ್ನೊಂದು ಪದ ಮಾತ್ರ ನನ್ನನ್ನು ಬಿಡುತ್ತಿಲ್ಲ: ‘ಉಪಶಯ’. ಲಕ್ಷಣ ಮರೆಯಾಗಿರುವ ಕಾಯಿಲೆಯನ್ನು, ಯಾವುದರಿಂದ ಶಮನವಾಗುತ್ತದೆ, ಯಾವುದರಿಂದ ಆಗುವುದಿಲ್ಲ ಅಂತ ನೋಡಿ ತಿಳಿಯಬೇಕು ಅನ್ನುತ್ತದೆ ಚರಕ ಸಂಹಿತೆ. ಇವತ್ತು ವಾರ್ಡಿನಲ್ಲಿ ಇಂಥದ್ದೇ ನಡೆಯುತ್ತದೆ. ಸ್ಕ್ರಬ್ ಟೈಫಸ್ ಇರಬಹುದು ಅನ್ನಿಸಿದರೆ ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ. ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಇಳಿಯುತ್ತದೆ, ಇಳಿದರೆ ಅನುಮಾನಕ್ಕೆ ಬಲ ಬರುತ್ತದೆ. ಇಲಿ ಜ್ವರಕ್ಕೂ ಅದೇ ಮಾತ್ರೆ ನಾಟುವುದರಿಂದ, ಜ್ವರ ಇಳಿದ ಮಾತ್ರಕ್ಕೆ ಸ್ಕ್ರಬ್ಬೇ ಅನ್ನಲಾಗದು. ಇದಕ್ಕೆ ‘ಪ್ರಾಯೋಗಿಕ ಚಿಕಿತ್ಸೆ’ ಅಂದರೆ ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದಾರೆ ಅಂತ ಜನ ತಿಳಿಯುತ್ತಾರೆ. ‘ಉಪಶಯ’ ಅರ್ಥದಲ್ಲಿ ಹತ್ತಿರ, ಹಳ್ಳಿಗೆ ದೂರ. ‘ಮದ್ದು ಕೊಟ್ಟು ನೋಡುವುದು’ ಸರಿಯೇ?

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಕೊಟ್ಟಿರುವುದು ಮುಂದಿನದು. ಒಂದು ಕಾಯಿಲೆ ಇನ್ನೊಂದರ ಹಾಗೆ ಕಾಣುವುದು ಬೇರೆ, ಒಂದೇ ಮೈಯಲ್ಲಿ ಎರಡೂ ಇರುವುದು ಬೇರೆ. ಡೆಂಗ್ಯೂ ಪಾಸಿಟಿವ್ ಬಂತು ಅಂತ ಹುಡುಕಾಟ ಅಲ್ಲಿಗೇ ನಿಂತರೆ, ಜೊತೆಗಿದ್ದ ಸ್ಕ್ರಬ್ ಟೈಫಸ್‌ಗೆ ಮದ್ದು ಸಿಗದೆ ಹೋಗಬಹುದು. ಡೆಂಗ್ಯೂಗೆ, ಮಂಗನ ಕಾಯಿಲೆಗೆ ನೇರ ಔಷಧಿಯೇ ಇಲ್ಲ, ಆಸರೆಯ ಆರೈಕೆ ಮಾತ್ರ. ಸ್ಕ್ರಬ್ಬಿಗೆ ಇದೆ. ಇರುವ ಮದ್ದು ತಪ್ಪಿಹೋಗಬಾರದು ಅಲ್ವಾ? ಮೊದಲನೆಯದಕ್ಕೆ ‘ಹೋಲುವ ಕಾಯಿಲೆ’, ಎರಡನೆಯದಕ್ಕೆ ‘ಜೋಡಿ ಕಾಯಿಲೆ’ ಅಂತ ಬರೆದುಕೊಂಡಿದ್ದೇನೆ. ‘ಸನ್ನಿಪಾತ’ದಲ್ಲಿ ಕೂಡಿಬರುವ ಅರ್ಥ ಇದೆ ನಿಜ, ಆದರೆ ಆಡುಮಾತಿನಲ್ಲಿ ಸನ್ನಿ ಅಂದರೆ ಜ್ವರದಲ್ಲಿ ಬಡಬಡಿಸುವುದು. ಅದನ್ನು ಮತ್ತೆ ಹಿಂದಕ್ಕೆ ಎಳೆಯಲು ಆಗುವುದಿಲ್ಲ.

ಕೊನೆಗೆ ಒಂದು ಚಿಕ್ಕ ಪದ. ಸ್ಕ್ರಬ್ ಟೈಫಸ್ ತರುವ ನುಸಿಯ ಮರಿ ಕಚ್ಚಿದ ಜಾಗದಲ್ಲಿ ಹಲವರಿಗೆ ಕಪ್ಪಗೆ ಒಂದು ಹೊಪ್ಪಳೆ ಕಟ್ಟುತ್ತದೆ, ಬೀಡಿಯ ಕಿಡಿ ತಾಗಿ ಸುಟ್ಟ ಹಾಗೆ. ನೋವಿಲ್ಲ, ತುರಿಕೆಯೂ ಅಷ್ಟಾಗಿ ಇಲ್ಲ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿ, ಹೆಂಗಸರಲ್ಲಿ ಮೊಲೆಯ ಕೆಳಗೆ, ಹೀಗೆ ಮರೆಯ ಜಾಗಗಳಲ್ಲೇ ಹೆಚ್ಚು. ಸಂಕೋಚಕ್ಕೆ ಯಾರೂ ತೋರಿಸುವುದಿಲ್ಲ, ಅದು ಕಂಡರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದ ಹಾಗೆ. ಇದನ್ನು ‘ಹಕ್ಕಳೆ’ ಅನ್ನುವುದೋ, ‘ಹೊಪ್ಪಳೆ’ಯೋ, ‘ಸುಟ್ಟ ಕಲೆ’ಯೋ? ಉತ್ತರ ಕನ್ನಡ, ಕರಾವಳಿ, ಕೊಡಗಿನವರು ನಿಮ್ಮ ಮನೆಯಲ್ಲಿ ಏನು ಅನ್ನುತ್ತೀರಿ ಅಂತ ದಯವಿಟ್ಟು ಬರೆಯಿರಿ. ಅಜ್ಜಿಯಂದಿರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು.