ಸಹಾಯ ಬೇಕು: ವಿವಿ ಅಧ್ಯಾಪಕರು ಒಂದು ಪ್ರಶ್ನಾವಳಿ ತುಂಬಿಕೊಡುತ್ತೀರಾ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ವಿಶ್ವವಿದ್ಯಾಲಯದ ಅಧ್ಯಾಪಕರು ಮನೆ, ಕೆಲಸ ಎರಡನ್ನೂ ಹೇಗೆ ತೂಗಿಸುತ್ತಾರೆ, ಅದಕ್ಕೂ ಸಂಸ್ಥೆಯ ಮೇಲಿನ ನಿಷ್ಠೆಗೂ ಏನು ಸಂಬಂಧ ಅನ್ನೋದು ವಿಷಯ. ರಾಯಚೂರು, ಕೊಪ್ಪಳದವರೂ ಬೇಕು.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಕೇಳೋಕೆ ಕಡಿಮೆ, ಅಲ್ವಾ? ನ್ಯಾಕ್ (ಸಂಸ್ಥೆಯ ಗುಣಮಟ್ಟ ಅಳೆದು ಗ್ರೇಡ್ ಕೊಡುವ ಮಂಡಳಿ) ಫೈಲು, ಮೌಲ್ಯಮಾಪನ, ಅಡ್ಮಿಷನ್ ಕೆಲಸ ಯಾವ ಲೆಕ್ಕಕ್ಕೆ? ರಾತ್ರಿ ವಾಟ್ಸಾಪ್‌ನಲ್ಲಿ "ಬೆಳಿಗ್ಗೆಯೊಳಗೆ ಮಾಹಿತಿ ಕಳಿಸಿ" ಅಂತ ಬಂದರೆ, ಊಟದ ತಟ್ಟೆ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆಗೆಯುವವರನ್ನು ನೋಡಿದ್ದೇನೆ.

ಮೇಯರ್ ಮತ್ತು ಅಲೆನ್ ಎಂಬ ಸಂಶೋಧಕರು ನಿಷ್ಠೆಯಲ್ಲಿ ಮೂರು ಬಗೆ ಹೇಳುತ್ತಾರೆ: ಇಷ್ಟಪಟ್ಟು ಉಳಿಯುವುದು, ಬಿಟ್ಟರೆ ನಷ್ಟ ಅಂತ ಉಳಿಯುವುದು, ಬಿಡುವುದು ಸರಿಯಲ್ಲ ಅಂತ ಉಳಿಯುವುದು. ಅತಿಥಿ ಉಪನ್ಯಾಸಕರು ಇದರಲ್ಲಿ ಎಲ್ಲಿ ಬರುತ್ತಾರೆ? ನನಗೆ ಜಾಸ್ತಿ ಕುತೂಹಲ ಇರೋದೇ ಅಲ್ಲಿ. ಆದರೆ ಇದುವರೆಗೆ ಉತ್ತರ ಕೊಟ್ಟವರೆಲ್ಲ ಕಾಯಂ ನೌಕರಿಯವರೇ.

ಹೆಸರು, ವಿಭಾಗ ಬರೆಯಬೇಕಿಲ್ಲ. "ಕುಲಸಚಿವರಿಗೆ ತೋರಿಸ್ತೀರಾ?" ಅಂತ ಒಬ್ಬ ಮೇಡಂ ಕೇಳಿದರು. ಖಂಡಿತ ಇಲ್ಲ. ಚಿಕ್ಕ ಮಕ್ಕಳಿರುವವರು, ದಿನಾ ಬಸ್ಸಿನಲ್ಲಿ ಬೇರೆ ಊರಿಂದ ಓಡಾಡುವವರು ತುಂಬಿದರೆ ದೊಡ್ಡ ಉಪಕಾರ. ಕಾಮೆಂಟ್ ಹಾಕಿ, ಲಿಂಕ್ ಕಳಿಸುತ್ತೇನೆ. ಪೇಪರ್ ಪ್ರತಿಯೇ ಬೇಕು ಅನ್ನೋ ಹಿರಿಯರಿಗೆ ನಾನೇ ಬಂದು ಕೊಡುತ್ತೇನೆ.