ಅಪ್‌ಡೇಟ್: ಗೇಮಿನ ಬಾಸ್ ನಮ್ಮ ಪಾರ್ಟಿಗೆ (ಆಡುವ ತಂಡಕ್ಕೆ) ಬಂದ ತಕ್ಷಣ ಯಾಕೆ ಸೊರಗುತ್ತಾನೆ?

ಹಾಸನದಲ್ಲಿ ಅಕ್ಕನ ಮಗ ಫೋನಿನಲ್ಲಿ ಕ್ರೋನೋ ಟ್ರಿಗರ್ ಅನ್ನೋ ವಿಡಿಯೋ ಗೇಮ್ ಆಡುತ್ತಾ ಕೇಳಿದ್ದನ್ನೇ ಹಿಂದಿನ ಪೋಸ್ಟಿನಲ್ಲಿ ನಿಮ್ಮ ಮುಂದೆ ಇಟ್ಟಿದ್ದೆ. ಬಾಸ್, ಅಂದರೆ ನಾವು ಸೋಲಿಸಬೇಕಾದ ದೊಡ್ಡ ಶತ್ರು, ಆಗಿದ್ದಾಗ ಮೇಗಸ್ ಅನ್ನೋ ಮಾಂತ್ರಿಕನಿಗೆ 6,666 ಎಚ್‌ಪಿ (ಏಟು ತಡೆಯುವ ಜೀವದ ಅಂಕ). ನಮ್ಮ ಜೊತೆ ಸೇರಿದ ಮೇಲೆ 999 ದಾಟುವ ಹಾಗೇ ಇಲ್ಲ. "ಮಾವ, ಇದು ಮೋಸ ಅಲ್ವಾ?" ಅಂದಿದ್ದ.

ನಿಮ್ಮ ಉತ್ತರ ಓದಿ, ಇಬ್ಬರೂ ಕೂತು ಆ ಫೈಟ್ ಮತ್ತೆ ಆಡಿದೆವು. ಈಗ ಲೆಕ್ಕ ಅರ್ಥವಾಯಿತು. ಬಾಸ್ ಒಬ್ಬನೇ, ನಾವು ಮೂವರು. ನಮಗೆ ಹೀಲಿಂಗ್ ಇದೆ, ಬಿದ್ದವರನ್ನು ಎಬ್ಬಿಸುವ ಐಟಂ ಇದೆ. ಅವನಿಗೂ 999 ಇದ್ದಿದ್ದರೆ ಕಥೆಯ ಅಷ್ಟು ದೊಡ್ಡ ವಿಲನ್ ಸುಮ್ನೆ ನಾಲ್ಕು ಏಟಿಗೆ ಬಿದ್ದುಬಿಡುತ್ತಿದ್ದ. ಅದೇ 6,666 ಹೊತ್ತು ನಮ್ಮ ಕಡೆ ಬಂದರೆ? ಸಾಮಾನ್ಯ ಶತ್ರುಗಳ ಏಟೆಲ್ಲ ಮೂರಂಕಿ ಎಚ್‌ಪಿಗೆ ಅಳೆದು ಇಟ್ಟಿದ್ದು. ಅವನಿಗೆ ಅದು ತಾಗುವುದೇ ಇಲ್ಲ. ಉಳಿದ ಇಬ್ಬರು ಯಾಕೆ ಬೇಕು?

ಇಷ್ಟನ್ನು ಒಪ್ಪುತ್ತೇನೆ. ಒಪ್ಪಲು ಆಗದ್ದು ಬೇರೆ. ಬಾಸ್ ಮೇಗಸ್ ತನ್ನ ತಡೆಗೋಡೆ ಬದಲಿಸುತ್ತಾ ಹೋಗುತ್ತಾನೆ, ಒಂದು ಸಲಕ್ಕೆ ಒಂದೇ ಬಗೆಯ ಮ್ಯಾಜಿಕ್ ಅವನಿಗೆ ನಾಟುತ್ತದೆ. ಆ ಫೈಟಿನ ಜೀವವೇ ಅದು. ಪಾರ್ಟಿಯ ಮೇಗಸ್‌ಗೆ ಆ ವಿದ್ಯೆ ಇಲ್ಲ. ಎಚ್‌ಪಿ ಇಳಿಸಲಿ, ವಿದ್ಯೆಯನ್ನು ಸ್ವಲ್ಪ ಮಂಕು ಮಾಡಿಯಾದರೂ ಕೊಡಬಹುದಿತ್ತು. 1995ರ ಆಟವಾದರೂ ಈ ಬೇಸರ ನನಗೆ ಹೋಗಿಲ್ಲ.

ಅವನನ್ನು ಸೇರಿಸಿಕೊಳ್ಳದೆ ಹೋರಾಡಿ ಕೊಲ್ಲುವ ಆಯ್ಕೆಯೂ ಇದೆ. ನಮ್ಮ ಹುಡುಗ ಸೇರಿಸಿಕೊಂಡಿದ್ದಾನೆ. ಈಗ ಅವನ ಲೆವೆಲ್ ಏರಿಸುತ್ತಾ ಕೂತಿದ್ದಾನೆ.