ಗಿರಣಿ ಚಿಮಣಿ ಇಳಿಸುವ ಮುಂಚೆ ಏನೇನು ಅಳೆದಿಡಬೇಕು?

ಪ್ರಶ್ನೆ:
ಮುಂಬಯಿಯ ಲಾಲ್‌ಬಾಗ್ ಕಡೆ ಹಳೇ ಗಿರಣಿಯೊಂದರ ಶೆಡ್ಡುಗಳೆಲ್ಲ ಹೋಗಿ ಇಟ್ಟಿಗೆ ಚಿಮಣಿಯೊಂದೇ ಉಳಿದಿದೆ. ವಾಲಿದೆ ಅಂತ ಈಗ ಅದನ್ನೂ ಇಳಿಸುತ್ತಾರಂತೆ. ವಾಲಿದ್ದೆಲ್ಲ ಬೀಳುತ್ತದೆಯೇ? ಉಳಿಯದಿದ್ದರೆ ಅಳತೆಯಾದರೂ ಬೇಕು. ಕಾಂಪೌಂಡ್ ಒಳಗೆ ಬಿಡುವುದಿಲ್ಲ.

ಉತ್ತರ 1:
ವಾಲಿರುವುದಲ್ಲ, ಇನ್ನೂ ವಾಲುತ್ತಿದೆಯೇ ಅನ್ನುವುದು ಮುಖ್ಯ. ಕಲ್ಲಿದ್ದಲ ಹೊಗೆಯ ಗಂಧಕ ಗಾರೆಯಲ್ಲಿ ಕೂತಿರುತ್ತದೆ. ನೀರು ಕುಡಿದರೆ ಗಾರೆ ಉಬ್ಬುತ್ತದೆ. ಮುಂಬಯಿ ಮಳೆ ಬೀಸುವುದು ನೈಋತ್ಯದಿಂದ. ಆ ಮಗ್ಗುಲು ಹೆಚ್ಚು ಉಬ್ಬಿದರೆ ತುದಿ ಈಶಾನ್ಯಕ್ಕೆ ಬಾಗುತ್ತದೆ. ಬಿರುಕಿನ ಅಡ್ಡಕ್ಕೆ ತೆಳು ಗಾಜಿನ ಪಟ್ಟಿ ಕೂರಿಸಿ, ತಾರೀಕು ಬರೆದು, ಒಂದು ಮಳೆಗಾಲ ನೋಡಬೇಕು. ಗಾಜು ಒಡೆದರೆ ಚಲನೆ ಇದೆ ಎಂದರ್ಥ. ಇಂಜಿನಿಯರ್ ವರದಿಯಲ್ಲಿ ಇಂಥದ್ದು ಇದೆಯೇ ಕೇಳಿ. ಒಂದೇ ದಿನ ಕೆಳಗೆ ನಿಂತು ನೋಡಿ ಬರೆದದ್ದಾದರೆ ಅದನ್ನು ನಾನಂತೂ ನಂಬುವುದಿಲ್ಲ.
ಹೆರಿಟೇಜ್ ಪಟ್ಟಿಯಲ್ಲಿದೆಯೇ ಅಂತಲೂ ಮೊದಲೇ ನೋಡಿ. ಹೊಸ ಕಟ್ಟಡಕ್ಕೆ ಚಿಮಣಿ ಅಡ್ಡಿ ಅನ್ನುವ ಮಾತು ಬಂದರೆ ಲೋವರ್ ಪರೇಲ್‌ನ ಫೀನಿಕ್ಸ್ ತೋರಿಸಿ. ಅಲ್ಲಿ ಮಿಲ್ಲು ಹೋಗಿ ಮಾಲ್ ಬಂದರೂ ಚಿಮಣಿ ನಿಂತಿದೆ.

ಉತ್ತರ 2:
ಎತ್ತರಕ್ಕೆ ಬುಡದ ತನಕ ಹೋಗಬೇಕಿಲ್ಲ. ಫೋನಿನಲ್ಲಿ ಕೋನ ಅಳೆಯುವ ಆ್ಯಪ್ ಇದ್ದರೆ ಸಾಕು. ತುದಿ 45 ಡಿಗ್ರಿಗೆ ಕಾಣುವಲ್ಲಿ ಗುರುತು ಹಾಕಿ, ಅದೇ ನೇರದಲ್ಲಿ ಹಿಂದೆ ಸರಿದು 30 ಡಿಗ್ರಿಗೆ ಇನ್ನೊಂದು ಗುರುತು ಹಾಕಿ. ಗುರುತುಗಳ ನಡುವಿನ ದೂರವನ್ನು 1.366ರಿಂದ ಗುಣಿಸಿ, ಕಣ್ಣಿನ ಎತ್ತರ ಕೂಡಿಸಿ. ದೂರ 33 ಮೀಟರ್ ಬಂದರೆ ಗುಣಿಸಿದಾಗ 45, ಅದರ ಮೇಲೆ ಕಣ್ಣಿನ ಎತ್ತರ ಒಂದೂವರೆ, ಒಟ್ಟು ನಲವತ್ತಾರೂವರೆ ಮೀಟರ್. ರಸ್ತೆ ಸಮತಟ್ಟಾಗಿರಬೇಕು. 30ರ ಕಡೆ ಒಂದು ಡಿಗ್ರಿ ತಪ್ಪಿದರೂ 50 ಮೀಟರ್ ಚಿಮಣಿಯಲ್ಲಿ ಸುಮಾರು 5 ಮೀಟರ್ ಏರುಪೇರು, ಹಾಗಾಗಿ ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಿರಿ. ವಾಲು ಎಷ್ಟೆಂದು ತಿಳಿಯಲು ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನಿಂದ ಫೋಟೋ ಬೇಕು, ಚೌಕಟ್ಟಿನೊಳಗೆ ತೂಗುಗುಂಡಿನ ದಾರವೂ ಕಾಣಲಿ. ಚಿಮಣಿಯ ಸುತ್ತ ಬಿಗಿದ ಕಬ್ಬಿಣದ ಪಟ್ಟಿ ಎಷ್ಟು, ಎಷ್ಟೆಷ್ಟು ಅಂತರಕ್ಕೆ ಅಂತ ಎಣಿಸಿಡಿ. ಸುತ್ತ ಬಿದಿರು ಕಟ್ಟಿದ ಮೇಲೆ ಇದ್ಯಾವುದೂ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು:
ಕೆಳಗಿನ ಆಳೆತ್ತರಕ್ಕೆ ಸಂದುಗಳಲ್ಲಿ ಸಿಮೆಂಟ್ ಮೆತ್ತಿದ್ದಾರೆ. ಅದರಿಂದ ಬಲ ಬಂದಿರಬಹುದಲ್ಲ?

ಉತ್ತರ 3:
ಬಲವಲ್ಲ, ಕೇಡು. ಸುಣ್ಣದ ಗಾರೆ ನೀರನ್ನು ಹೊರಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ತೇವ ಇಟ್ಟಿಗೆಯ ಮೂಲಕವೇ ಹೊರಬರಬೇಕಾಗಿ ಇಟ್ಟಿಗೆಯ ಮುಖ ಚಕ್ಕೆಚಕ್ಕೆಯಾಗಿ ಉದುರುತ್ತದೆ, ಸಿಮೆಂಟಿನ ಗೆರೆ ಮಾತ್ರ ಏಣಿನ ಹಾಗೆ ಉಳಿಯುತ್ತದೆ. ಉಳಿಸುವುದಾದರೆ ಸಿಮೆಂಟನ್ನು ಉಳಿಯಿಂದ ಬಿಡಿಸಿ, ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆದಕಿ, ಒದ್ದೆ ಮಾಡಿ, ಸುಣ್ಣ 1 ಮರಳು 3 ತುಂಬಬೇಕು. ವಾರವಿಡೀ ಒದ್ದೆ ಗೋಣಿತಾಟು ಹೊದಿಸಿ. ಮಳೆಗಾಲದಲ್ಲಿ ಬೇಡ. ಅರಳಿ ಗಿಡ ಇದ್ದರೆ ಜಗ್ಗಬೇಡಿ, ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ.
ಇಳಿಸುವುದೇ ಖಚಿತವಾದರೆ, ಮೇಲಿಂದ ಕಿತ್ತ ಇಟ್ಟಿಗೆಯನ್ನು ಸಾಮಾನ್ಯವಾಗಿ ಕೊಳವೆಯ ಒಳಕ್ಕೇ ಹಾಕಿ ಬುಡದ ಬಾಗಿಲಿಂದ ತೆಗೆಯುತ್ತಾರೆ. ಅಷ್ಟೆತ್ತರದಿಂದ ಬಿದ್ದದ್ದು ಇಡಿಯಾಗಿ ಉಳಿಯುವುದಿಲ್ಲ. ಅಚ್ಚು ಇರುವ ನಾಲ್ಕು ಇಟ್ಟಿಗೆ, ಒಂದು ತುಂಡು ಪಟ್ಟಿ ಬೇಕಿದ್ದರೆ ಗುತ್ತಿಗೆದಾರರಿಗೆ ಈಗಲೇ ಬರೆದುಕೊಡಿ.